ಕಪಾಟಿನ ಗುರುತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೋತವರ ಓಟಿನ ಬಗ್ಗೆ ದೊಡ್ಡಪ್ಪ ಆ ಮಾತು ಆಡಿದ್ದು ಮಾನ್ವಿಯ ನಮ್ಮ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂತು ಎಂದು ನನ್ನ ನೆನಪು. ಅಲ್ಲ, ದೇವಸುಗೂರಿನ ಗುಡಿಗೆ ಹೋದಾಗ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಾಗ ಎಂದು ದೊಡ್ಡವ್ವ ಹೇಳುತ್ತಾಳೆ. ಅಪ್ಪನನ್ನು ಕೇಳಿದರೆ ಅಂಥ ಮಾತೇ ಆಗಿಲ್ಲ, ನೀನು ಎಲ್ಲೋ ಓದಿದ್ದನ್ನು ಅಣ್ಣನ ಬಾಯಿಗೆ ಹಾಕಿದ್ದೀ ಎನ್ನುತ್ತಾನೆ.

ಅಪ್ಪನ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಲೋಕಸಭೆಯ ಸೀಟುಗಳು ಪಕ್ಷಗಳಿಗೆ ಹೇಗೆ ಹಂಚಿಕೆಯಾಗುತ್ತವೆ ಎಂಬ ಪಾಠ ಬಂದಾಗಲೆಲ್ಲ ದೊಡ್ಡಪ್ಪನ ಗಿರಣಿಯ ಉದಾಹರಣೆ ಕೊಡುತ್ತೇನೆ. ವರ್ಷ ವರ್ಷವೂ ಹೇಳಿ ಹೇಳಿ ಅದು ಪಾಲಿಶ್ ಮಾಡಿದ ಅಕ್ಕಿಯಂತಾಗಿದೆ. ಮೇಲಿನ ತೌಡೆಲ್ಲ ಉದುರಿಹೋಗಿದೆ. ಇಷ್ಟು ಬೆಳ್ಳಗಿರುವ ನೆನಪನ್ನು ನಾನು ನಂಬುವುದಿಲ್ಲ. ಚಿಕ್ಕಂದಿನಿಂದ ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆಗಿನ ಡೈರಿಯಲ್ಲಿ ಇರುವುದು ಏನು ಉಂಡೆ, ಯಾವ ಗೆಳತಿಯೊಡನೆ ಮಾತು ಬಿಟ್ಟೆ ಎಂಬುದಷ್ಟೆ. ಓಟಿನ ಸುದ್ದಿ ಒಂದು ಸಾಲೂ ಇಲ್ಲ.

ಹಾಗಾಗಿ ನನಗೆ ಗಟ್ಟಿಯಾಗಿ ಗೊತ್ತಿರುವುದರಿಂದ ಶುರು ಮಾಡುತ್ತೇನೆ.

ಗಿರಣಿಯ ಹಿಂದೆಯೇ ನಮ್ಮ ಮನೆ. ದೊಡ್ಡಪ್ಪ, ದೊಡ್ಡವ್ವ, ಅವರ ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ನನ್ನ ಅಪ್ಪ ಅವ್ವ, ನಾನು. ಮತದಾನದ ದಿನ ಬೆಳಗಿನ ಚಹಾ ಆದಮೇಲೆ ದೊಡ್ಡಪ್ಪ ಎಲ್ಲರನ್ನೂ ಕಟ್ಟೆಯ ಹತ್ತಿರ ಕರೆದು ಮನೆಯ ಓಟುಗಳನ್ನು ಹಂಚುತ್ತಿದ್ದ. ಹೊಲಕ್ಕೆ ಯಾರು ಹೋಗಬೇಕು, ಗಿರಣಿಯಲ್ಲಿ ಯಾರು ನಿಲ್ಲಬೇಕು ಎಂದು ಹೇಳುವ ಹಾಗೆಯೇ, ಯಾರ ಓಟು ಯಾವ ಪಕ್ಷಕ್ಕೆ ಎಂದು ಹೇಳುತ್ತಿದ್ದ.

"ನಾನು, ತಮ್ಮ, ತಮ್ಮನ ಹೆಣ್ತಿ ಈ ಪಾರ್ಟಿಗೆ. ದೊಡ್ಡವ, ಅವನ ಹೆಣ್ತಿ ಆ ಪಾರ್ಟಿಗೆ. ಸಣ್ಣವ ಹೆಂಗೂ ನನ್ನ ಮಾತು ಕೇಳೂದಿಲ್ಲ, ಅವ ಎಲ್ಲಿ ಬೇಕಲ್ಲಿ ಹಾಕ್ಲಿ."

"ಮತ್ತ ನಂದು?" ದೊಡ್ಡವ್ವ ಒಳಗಿಂದಲೇ ಕೇಳುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಕೇಳುತ್ತಿದ್ದಳು.

"ನಿಂದು ನಿನ್ನ ತವರಿಗೆ. ಅದನ್ನ ಯಾರು ಕಸಗೋತಾರ?"

ಮಾನ್ವಿಯಲ್ಲಿ ಗಿರಣಿ ನಡೆಸುವವನಿಗೆ ಯಾರೂ ದೂರವಾಗುವ ಹಾಗಿಲ್ಲ ಎಂಬುದು ದೊಡ್ಡಪ್ಪನ ವಾದ. ಕರೆಂಟಿನ ಲೈನು, ಕಾಲುವೆಯ ನೀರು, ಗೋದಾಮಿನ ಲೈಸನ್ಸು, ಎಲ್ಲಕ್ಕೂ ಗೆದ್ದವನ ಮನೆಗೇ ಹೋಗಬೇಕು. "ಗೆದ್ದವ ನಾಳೆ ಬಂದು ಗಿರಣಿ ಮುಂದ ಜೀಪು ನಿಂದ್ರಸ್ತಾನ. ‘ಸಾವಕಾರ್ರ, ನಿಮ್ಮ ಮನಿ ಓಟು ನಮಗ ಬಿದ್ದಾವಿಲ್ಲೋ?’ ಅಂತಾನ. ಬಿದ್ದಾವ್ರಿ ಅಂತೀನಿ. ಸುಳ್ಳು ಹೇಳೋ ಪಾಪ ನನಗ್ಯಾಕ? ಎಷ್ಟು ಬಿದ್ದಾವ ಅಂತ ಇವತ್ತಿನತನ ಯಾರೂ ಕೇಳಿಲ್ಲ."

ಓಣಿಯವರಿಗೆಲ್ಲ ಈ ಹಂಚಿಕೆ ಗೊತ್ತಿತ್ತು. ಬಾಜೂಮನೆಯ ಅಜ್ಜ ಮತಗಟ್ಟೆಯ ಸಾಲಿನಲ್ಲಿ ನಮ್ಮನ್ನು ಕಂಡರೆ, "ಬಂತು ನೋಡ್ರಿ ಪಾರ್ಲಿಮೆಂಟು" ಎನ್ನುತ್ತಿದ್ದ. "ಆಡಳಿತ ಪಕ್ಷ ಈ ಕಡೆ ನಿಂದರ್ರಿ, ವಿರೋಧ ಪಕ್ಷ ಆ ಕಡೆ."

ದೊಡ್ಡವ್ವನ ತವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅವಳ ಅಣ್ಣ, ನನಗೆ ಅವರು ದೇವದುರ್ಗದ ಮಾವ, ಒಂದು ಸಣ್ಣ ಪಕ್ಷದ ಕಾರ್ಯಕರ್ತ. ಅದರ ಹೆಸರು ಇಲ್ಲಿ ಬೇಡ. ಹೇಳಿದರೂ ಬಹಳ ಜನರಿಗೆ ಗೊತ್ತಾಗುವುದಿಲ್ಲ. ಕೂಲಿಯವರು, ಒಂದೆರಡು ಎಕರೆಯವರು ಅದರ ಹಿಂದೆ ಇದ್ದರು. ಮಾವ ಸೈಕಲ್ಲಿಗೆ ಧ್ವಜ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ದೊಡ್ಡವ್ವ ಸೀರೆ ಉಡುವ ರೀತಿ ಬದಲಿಸಿದಳು, ಸಾರಿಗೆ ಹಾಕುವ ಖಾರ ಬದಲಿಸಿದಳು, ಆಡುವ ಮಾತೂ ಸ್ವಲ್ಪ ಬದಲಾಯಿತು. ಓಟೊಂದು ಬದಲಾಗಲಿಲ್ಲ. ಬದಲಿಸು ಎಂದು ದೊಡ್ಡಪ್ಪ ಹೇಳಲಿಲ್ಲ. ಇದನ್ನು ಅವಳು ಬೀಗರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಒಂದು ತೊಡಕಿತ್ತು. ಇಂಥ ಸಣ್ಣ ಪಕ್ಷಗಳಿಗೆ ಕಾಯಂ ಗುರುತು ಇರುವುದಿಲ್ಲ. ಪ್ರತಿ ಚುನಾವಣೆಯಲ್ಲೂ ಉಳಿದ ಗುರುತುಗಳಲ್ಲಿ ಯಾವುದು ಸಿಗುತ್ತದೋ ಅದು. ದೊಡ್ಡವ್ವನಿಗೆ ಓದಲು ಅಷ್ಟಾಗಿ ಬರುವುದಿಲ್ಲ. ಗುರುತು ನೋಡಿಯೇ ಒತ್ತಬೇಕು. ಹಾಗಾಗಿ ಆ ಬೆಳಿಗ್ಗೆ ದೊಡ್ಡಪ್ಪ ಇನ್ನೊಂದು ಮಾತು ಸೇರಿಸುತ್ತಿದ್ದ. "ಈ ಸರ್ತಿ ನಿಮ್ಮವ್ರದು ಹೊಲಿಗಿ ಮಷಿನ್." ಮುಂದೊಮ್ಮೆ, "ಈ ಸರ್ತಿ ಮಂಚ." ಅದರ ಮುಂದೆ ಅಥವಾ ಹಿಂದೆ, "ಈ ಸರ್ತಿ ಕಪಾಟು ಬಂದದ ನೋಡು. ದೊಡ್ಡದದ, ಕನ್ನಡಕ ಬೇಕಾಗೂದಿಲ್ಲ." ದೊಡ್ಡವ್ವ ಆ ಗುರುತನ್ನು ಮಂತ್ರದಂತೆ ಬಾಯಲ್ಲಿ ಹೇಳಿಕೊಳ್ಳುತ್ತಾ ಮತಗಟ್ಟೆಗೆ ನಡೆಯುತ್ತಿದ್ದಳು.

ಇಲ್ಲಿಗೆ ನನ್ನ ಅನುಮಾನದ ನೆನಪು ಬರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಇರಬೇಕು. ದೊಡ್ಡವ್ವ ಕೇಳಿದಳು: "ನಮ್ಮವ್ರು ಇಲ್ಲಿ ಗೆಲ್ಲೂದಿಲ್ಲ, ಅದು ನನಗೂ ಗೊತ್ತದ. ಸೋತವ್ರಿಗೆ ಹಾಕಿದ್ದು ಎಲ್ಲಿಗೆ ಹೋಗ್ತದ್ರಿ?"

ದೊಡ್ಡಪ್ಪ ಕಟ್ಟೆಯಿಂದಲೇ (ಅಥವಾ ಹೊಳೆದಂಡೆಯಲ್ಲಿ) ಹೇಳಿದ: "ಅರ್ಧ ಚೀಲ ನೆಲ್ಲು ತಂದವ್ರಿಗೆ ನಾವು ಏನು ಮಾಡ್ತೀವಿ? ಒಬ್ಬೊಬ್ಬರ ಸಲುವಾಗಿ ಮಷಿನ್ ಚಾಲೂ ಮಾಡಿದ್ರ ಪುರಸೂದಿಲ್ಲ. ನಾಕು ಮಂದಿದು ಕೂಡಿಸಿ ಹಾಕ್ತೀವಿ. ಅಕ್ಕಿ ಬಿದ್ದ ಮ್ಯಾಲ ಯಾರು ಎಷ್ಟು ತಂದಿದ್ರು ಅದಕ್ಕ ತಕ್ಕಂಗ ಅಳದು ಕೊಡ್ತೀವಿ. ದಿಲ್ಲಿಯಾಗೂ ಹಂಗೇ. ದೇಶದ ಓಟೆಲ್ಲ ಕೂಡಿಸ್ತಾರ. ಯಾವ ಪಾರ್ಟಿದು ಎಷ್ಟೋ ಅಷ್ಟು ಸೀಟು ಹಂಚ್ತಾರ. ಇಲ್ಲಿ ಸೋತ್ರೇನು, ನಿಂದು ಅಲ್ಲಿ ಹೋಗಿ ಕೂಡ್ತದ."

ಗಿರಣಿಯ ಮನೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಕೂಡಿಸಿ ಹಾಕುವುದು ನಾವು ದಿನವೂ ನೋಡುವ ಕೆಲಸ. ಚೀಕಲಪರ್ವಿ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸರು ತಮ್ಮ ತಮ್ಮ ಭತ್ತ ಮಷಿನ್ನಿನ ಮೇಲಿನ ಬಾಯಿಗೆ, ಒಂದೇ ಹಾಪರಿಗೆ, ಸುರಿದು, ಅಕ್ಕಿ ಬೀಳುವ ತನಕ ಬೇವಿನ ನೆರಳಿಗೆ ಕೂತಿರುತ್ತಿದ್ದರು. ದೊಡ್ಡವ್ವ ನಂಬಿದಳು. ನಾನೂ ನಂಬಿದೆ.

ಆದರೆ ಆ ನೆರಳಿನಲ್ಲಿ ಕೂತವರ ಮಾತೂ ನನಗೆ ನೆನಪಿದೆ. "ಹಾಕಿದ್ದು ಸಣ್ಣ ನೆಲ್ಲು, ಬಂದದ್ದು ಎಲ್ಲಾರದೂ ಬೆರತ ಮಿಸಳಿ ಅಕ್ಕಿ" ಎಂದು ಒಬ್ಬಾಕೆ ಗೊಣಗಿದರೆ ಇನ್ನೊಬ್ಬಾಕೆ, "ಅಳತಿನೂ ಜರಾ ಕಮ್ಮೀನೇ ಬರ್ತದ ಬಿಡು" ಎನ್ನುತ್ತಿದ್ದಳು. ಅದಕ್ಕೆ ದೊಡ್ಡಪ್ಪನ ಹತ್ತಿರ ಸಿದ್ಧ ಉತ್ತರವಿತ್ತು: "ಮಷಿನ್ ಹೊಟ್ಯಾಗ ಜರಾ ಉಳೀತದ ಯವ್ವಾ. ಅದಕ್ಕ ನಾ ಏನು ಮಾಡ್ಲಿ?" ಸ್ವಲ್ಪ ತಂದವರ ಪಾಲಿಗೆ ಮಾತ್ರ ಮಷಿನ್ನಿಗೆ ಹೊಟ್ಟೆ ಇರುತ್ತಿತ್ತು. ನೂರು ಚೀಲದ ಸಾಹುಕಾರರು ಬಂದಾಗ ಆ ಹೊಟ್ಟೆಯ ಮಾತು ಬರುತ್ತಿರಲಿಲ್ಲ.

ಎಣಿಕೆಯ ದಿನ ನಮ್ಮ ಪಡಸಾಲೆಯಲ್ಲಿ ಹಬ್ಬ. ಮಂಡಾಳ ಒಗ್ಗರಣೆ, ಮಿರ್ಚಿ, ಮತ್ತೆ ಮತ್ತೆ ಚಹಾ. ಟಿವಿಯಲ್ಲಿ ಬಣ್ಣ ಬಣ್ಣದ ಕಂಬಗಳು ಏರುತ್ತಿದ್ದವು. ಅವುಗಳ ಕೊನೆಗೆ ಒಂದು ಬೂದುಬಣ್ಣದ ಕಂಬ: ಇತರೆ. ಮನೆಯವರೆಲ್ಲ ದೊಡ್ಡ ಕಂಬಗಳನ್ನು ನೋಡಿದರೆ ದೊಡ್ಡವ್ವ ಅದನ್ನೇ ನೋಡುತ್ತಿದ್ದಳು. ದೊಡ್ಡಪ್ಪ ಬೆರಳು ತೋರಿಸುತ್ತಿದ್ದ. "ನೋಡು, ಇತರೆ ಏರಾಕತ್ತದ. ಅದ್ರಾಗ ನಿಂದೂ ಅದ."

ಕಪಾಟಿನ ವರ್ಷ ಆ ಕಂಬ ಬಹಳ ಏರಿತ್ತು ಎಂದು ದೊಡ್ಡವ್ವ ಹೇಳುತ್ತಾಳೆ. ಆ ದಿನ ಅವಳು ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡಿದ್ದಳು. ಹುಗ್ಗಿ ನನಗೂ ನೆನಪಿದೆ. ಏಕೆಂದರೆ ಹಬ್ಬವಿಲ್ಲದ ದಿನ ಹುಗ್ಗಿ ಯಾಕೆ ಎಂದು ಅವ್ವ ಸಿಡುಕಿದ್ದಳು.

ಮುಂದೆ ನಾನು ಕಲಬುರಗಿಗೆ ಎಂ.ಎ. ಓದಲು ಹೋದೆ. ಅಲ್ಲಿ ಗೊತ್ತಾಯಿತು. ರಾಯಚೂರು, ಮಾನ್ವಿ, ದೇವದುರ್ಗ, ಆಚೆ ಯಾದಗಿರಿ ಕಡೆಯ ಊರುಗಳೂ ಸೇರಿ ನಮ್ಮದೊಂದು ಕ್ಷೇತ್ರ. ಅದಕ್ಕೆ ಒಂದೇ ಸೀಟು. ಬೇರೆ ಎಲ್ಲರಿಗಿಂತ ಒಂದು ಓಟು ಹೆಚ್ಚು ತೆಗೆದುಕೊಂಡವನಿಗೆ ಆ ಸೀಟು ಪೂರ್ತಿ. ಉಳಿದವರ ಓಟು ಯಾವ ದಿಲ್ಲಿಗೂ ಹೋಗುವುದಿಲ್ಲ, ಎಲ್ಲಿಯೂ ಕೂಡುವುದಿಲ್ಲ. ದೇಶದಲ್ಲಿ ಐನೂರ ನಲವತ್ತಮೂರು ಕಡೆ ಹೀಗೆಯೇ. ಆಮೇಲೆ ಗೆದ್ದವರನ್ನು ಪಕ್ಷವಾರು ಎಣಿಸುತ್ತಾರೆ. ಹಾಗಾಗಿ ಒಂದು ಪಕ್ಷಕ್ಕೆ ಊರೂರಲ್ಲಿ ಒಂದಿಷ್ಟು ಓಟು ಬಿದ್ದು ಒಂದು ಸೀಟೂ ಸಿಗದಿರಬಹುದು. ಅರ್ಧಕ್ಕಿಂತ ಬಹಳ ಕಡಿಮೆ ಜನ ಮೆಚ್ಚಿದ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಸೀಟು ಸಿಗಬಹುದು. ದೊಡ್ಡಪ್ಪ ಹೇಳಿದ ಹಾಗೆ ಕೂಡಿಸಿ ಅಳೆದು ಕೊಡುವ ದೇಶಗಳೂ ಇವೆ. ನಮ್ಮದು ಅದಲ್ಲ.

ರಜೆಗೆ ಬಂದಾಗ ಇದನ್ನು ದೊಡ್ಡಪ್ಪನಿಗೆ ಹೇಳಿದೆ ಎಂದು ನನಗೆ ಅನ್ನಿಸುತ್ತದೆ. ಅವನು ಭತ್ತದ ಕಾಳೊಂದನ್ನು ಹಲ್ಲಿನಲ್ಲಿ ಕಡಿದು ಹಸಿಯೋ ಒಣಗಿದೆಯೋ ಎಂದು ನೋಡುತ್ತಾ, "ಹೌದೇನು?" ಎಂದ. ಅಷ್ಟೇ. ಮುಂದಿನ ಎಣಿಕೆಯ ದಿನ ಅದೇ ಬೆರಳು, ಅದೇ ಬೂದುಬಣ್ಣದ ಕಂಬ, "ಅದ್ರಾಗ ನಿಂದೂ ಅದ." ಹಾಗಿದ್ದರೆ ಅವನಿಗೆ ಗೊತ್ತಿದ್ದೂ ಹೇಳಿದ. ಅಥವಾ ನಾನು ಅವನಿಗೆ ಹೇಳಲೇ ಇಲ್ಲ, ಹೇಳಬೇಕೆಂದುಕೊಂಡದ್ದನ್ನೇ ಹೇಳಿದ್ದು ಎಂದುಕೊಂಡಿದ್ದೇನೆ. ಕಾಳು ಕಡಿದದ್ದು ಮಾತ್ರ ಖಚಿತ. ಆದರೆ ಅದು ಅವನು ದಿನವೂ ಮಾಡುತ್ತಿದ್ದ ಕೆಲಸ, ಯಾವ ನೆನಪಿಗೆ ಬೇಕಾದರೂ ಅಂಟಿಕೊಳ್ಳುತ್ತದೆ.

ಕಳೆದ ಲೋಕಸಭೆಯ ಎಣಿಕೆಯ ಹೊತ್ತಿಗೆ ದೊಡ್ಡವ್ವ ರಾಯಚೂರಿನ ನನ್ನ ಮನೆಯಲ್ಲಿದ್ದಳು. ಮಾನ್ವಿಯಲ್ಲಿ ಓಟು ಹಾಕಿ, ಆಮೇಲೆ ಕಣ್ಣಿನ ಪೊರೆ ತೆಗೆಸಲು ಬಂದಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು, ಟಿವಿಯ ಬೆಳಕು ಕಣ್ಣಿಗೆ ಬೀಳದಂತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಓದಿ ಹೇಳಬೇಕು.

"ಇತರೆ ಎಷ್ಟಾತು?"

ಹೇಳಿದೆ. ಆ ಸಲ ಯಾವ ಪಕ್ಷವೂ ಒಂಟಿಯಾಗಿ ಇನ್ನೂರ ಎಪ್ಪತ್ತೆರಡು ಮುಟ್ಟುವುದಿಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಸ್ಪಷ್ಟವಾಗತೊಡಗಿತ್ತು. ಸಣ್ಣ ಪಕ್ಷಗಳ ಮನೆಗೆ ದೊಡ್ಡವರ ಕಾರುಗಳು ಹೋಗುತ್ತವೆ ಎಂದು ಟಿವಿಯವರು ಹೇಳುತ್ತಿದ್ದರು.

"ನೋಡು, ಸಣ್ಣವ್ರಿಗೆ ಬೆಲಿ ಬಂತು" ಎಂದಳು ದೊಡ್ಡವ್ವ. ದನಿಯಲ್ಲಿ ಹುರುಪಿತ್ತು. "ಇತರೆದಾಗ ನಮ್ಮವ್ರು ಎಷ್ಟು ಮಂದಿ ಇದ್ದಾರ, ಬಿಡಿಸಿ ಹೇಳ ಯವ್ವಾ."

"ಯಾರೂ ಇಲ್ಲ ದೊಡ್ಡವ್ವ."

"ಇನ್ನಾ ಬಂದಿಲ್ಲೇನು?"

"ಬರೂದೂ ಇಲ್ಲ. ಅವರು ಒಂದೂ ಕಡೆ ಗೆದ್ದಿಲ್ಲ."

"ಗೆಲ್ಲೂದು ಬ್ಯಾರೆ, ಕೂಡೂದು ಬ್ಯಾರೆ. ನಿಮ್ಮ ದೊಡ್ಡಪ್ಪ ಹೇಳಿಲ್ಲೇನು?"

ಆಗ ನಾನು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಕೂಡಿಸುವುದಿಲ್ಲ, ನಮ್ಮ ಕ್ಷೇತ್ರದ ಮಟ್ಟಿಗೆ ಯಾರು ಹೆಚ್ಚು ತಂದರೋ ಅವರಿಗೇ ಎಲ್ಲ. ಬುಟ್ಟಿ ತಂದವರ ಭತ್ತವನ್ನೂ ಹಾಪರಿಗೆ ಹಾಕಿಸಿಕೊಂಡು, ಅಕ್ಕಿಯನ್ನೆಲ್ಲ ದೊಡ್ಡ ಚೀಲದವನ ಮನೆಗೆ ಕಳಿಸಿದ ಹಾಗೆ.

ದೊಡ್ಡವ್ವ ಗೋಡೆಯಿಂದ ನನ್ನ ಕಡೆ ತಿರುಗಿದಳು. "ಅಂಥಾ ಗಿರಣಿಗೆ ಯಾರು ನೆಲ್ಲು ತರ್ತಾರ ಬೇ?"

"ಎಲ್ಲಾರೂ ತರ್ತಾರ."

"ಗೊತ್ತಿದ್ದು ತರ್ತಾರೋ, ಗೊತ್ತಿಲ್ಲದ ತರ್ತಾರೋ?"

ಟಿವಿ ಆರಿಸು ಎಂದಳು. ಆರಿಸಿದೆ. ರೊಟ್ಟಿ ತಿನ್ನುವಾಗ, "ಹಂಗಾರ ನಾ ಇಷ್ಟು ವರ್ಷ ಹಾಕಿದ್ದು ಒಂದೂ ದಿಲ್ಲಿ ಕಂಡಿಲ್ಲ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಕೈ ತೊಳೆದ ಮೇಲೆ ಕೇಳಿದ್ದು ಪ್ರಶ್ನೆ: "ನಿಮ್ಮ ದೊಡ್ಡಪ್ಪಗ ಇದು ಗೊತ್ತಿತ್ತೇನು?"

ಅವಳಿಗೆ ಬೇಕಾದದ್ದು ಅದೊಂದೇ ಎಂದು ನನಗೆ ಆಗ ಅರ್ಥವಾಯಿತು. ಓಟು ಹೋದದ್ದಕ್ಕೆ ಅವಳು ಅಷ್ಟಾಗಿ ನೊಂದಿರಲಿಲ್ಲ. ಮನೆಯ ಓಟುಗಳನ್ನೆಲ್ಲ ತನ್ನ ಗಿರಣಿಗೆ ಅನುಕೂಲವಾಗುವಂತೆ ಹಂಚಿದ ಗಂಡ, ಒಂದನ್ನು ಮಾತ್ರ ಅವಳ ಮೇಲಿನ ಪ್ರೀತಿಗೆ ಬಿಟ್ಟುಕೊಟ್ಟಿದ್ದನೋ, ಇಲ್ಲಾ ಎಲ್ಲಿಯೂ ತಾಗದ ಓಟು ಎಂದು ಗೊತ್ತಿದ್ದೇ ಕೊಟ್ಟಿದ್ದನೋ? ಮದುವೆಯಾದಾಗಿನಿಂದ ಅವಳು ಎದೆಗೆ ಹಚ್ಚಿಕೊಂಡದ್ದು ಈ ಒಂದು ಔದಾರ್ಯವನ್ನು.

"ಅಣ್ಣನ್ನ ಕೇಳೂಣು ನಡಿ" ಎಂದಳು. "ಅವ ಪಾರ್ಟಿದಾಗ ಇದ್ದಾವ. ಅವಗ ಗೊತ್ತಿರ್ತದ."

ಕಣ್ಣಿನ ಡಾಕ್ಟರು ಧೂಳಿಗೆ ಹೋಗಬೇಡ ಎಂದಿದ್ದರು. ಅವರು ಹೇಳಿದ ದಿನಗಳು ಮುಗಿದ ಕೂಡಲೇ ದೇವದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ದೊಡ್ಡವ್ವ ಓಟಿನ ಮಾತು ತೆಗೆಯಲಿಲ್ಲ. ಹೊಸ ಕಣ್ಣಿನಿಂದ ಬೋರ್ಡುಗಳನ್ನು ನೋಡುತ್ತಾ, ಇದರಲ್ಲಿ ಯಾವ ಅಕ್ಷರ, ಅದರಲ್ಲಿ ಯಾವ ಅಕ್ಷರ ಎಂದು ಕೇಳುತ್ತಾ ಕೂತಿದ್ದಳು.

ಮಾವ ಅಂಗಳದ ಮಂಚದ ಮೇಲೆ ಕೂತಿದ್ದರು. ಈಗ ಸೈಕಲ್ ತುಳಿಯಲು ಆಗುವುದಿಲ್ಲ, ನಾಲಿಗೆ ಮಾತ್ರ ಹಾಗೆಯೇ ಇದೆ.

"ಬಾ ಯವ್ವಾ. ಗಿರಣಿ ಸಾವಕಾರತಿ ಬಂದ್ಲು, ಅಕ್ಕಿ ಎಲ್ಲಿ?"

"ನಿನ್ನ ಪಾರ್ಟಿಗೆ ಹಾಕಿ ಹಾಕಿ ಅಕ್ಕಿ ತೀರ್ಯಾವು" ಎಂದು ದೊಡ್ಡವ್ವ ನೇರವಾಗಿ ವಿಷಯಕ್ಕೆ ಬಂದಳು. "ಸೋತವ್ರ ಓಟು ದಿಲ್ಲಿಯಾಗ ಕೂಡೂದಿಲ್ಲಂತ. ಈ ಹುಡುಗಿ ಹೇಳ್ತು. ಖರೇನಾ?"

ಮಾವ ನಕ್ಕರು. "ಖರೆ. ಅದೇನು ಹೊಸ ಸುದ್ದಿ? ನಮ್ಮ ಡೆಪಾಜಿಟ್ ಯಾವತ್ತು ವಾಪಸ್ ಬಂದದ?"

"ಗೊತ್ತಿದ್ದೂ ಸೈಕಲ್ ತುಳಿದೇನು?"

"ಗೆಲ್ಲಾಕಲ್ಲ ತಂಗಿ, ಇದ್ದೀವಿ ಅಂತ ತೋರ್ಸಾಕ. ಇಷ್ಟು ಮಂದಿ ಇದ್ದಾರ ಅಂತ ಗೊತ್ತಾದ್ರ ಕೂಲಿ ಕೇಳಿದಾಗ ಸಾವಕಾರ ಜರಾ ಅಂಜತಾನ." ಮತ್ತೆ ಹೇಳಿದರು, "ನಿನ್ನ ಗಂಡಗೂ ನಾ ಒಮ್ಮೆ ಹೇಳಿದ್ದೆ. ಮಾನ್ವಿಗೆ ಬಂದಾಗ, ಗಿರಣಿ ಮುಂದ ನಿಂತು. ‘ಭಾವ, ಆಕಿ ಓಟು ನಮಗ ಹಾಕಸ್ತೀರಿ, ಉಪಕಾರಾತು, ಆದ್ರ ಅದು ಎಲ್ಲಿಗೂ ಮುಟ್ಟೂದಿಲ್ಲ’ ಅಂದೆ. ನಕ್ಕ."

"ಯಾವಾಗ?"

"ಯಾವಾಗ ಅಂದ್ರ... ಆವಾಗ."

ಅದು ಮಾವನ ನೆನಪು, ನನ್ನದಲ್ಲ. ಅದನ್ನೂ ನಾನು ಪೂರ್ತಿ ನಂಬಲಾರೆ. ಮಾವನಿಗೂ ದೊಡ್ಡಪ್ಪನಿಗೂ ಹಳೆಯ ಇರುಸುಮುರುಸು ಇದೆ. ಆದರೆ ದೊಡ್ಡವ್ವ ಆ ಮಾತನ್ನು ಹಿಡಿಯಲಿಲ್ಲ. ಇಷ್ಟು ವರ್ಷ ಒತ್ತಿದ ಗುರುತುಗಳನ್ನು ಒಂದೊಂದಾಗಿ ಹೇಳತೊಡಗಿದಳು, ಕೊಟ್ಟ ಸಾಮಾನು ಮುಟ್ಟಿತೋ ಇಲ್ಲವೋ ಎಂದು ಕೇಳುವವಳ ಹಾಗೆ.

"ಹೊಲಿಗಿ ಮಷಿನ್ ಹಾಕಿದೆ."

"ಹಾಂ, ಅದು ನಮ್ಮದು."

"ಮಂಚ ಹಾಕಿದೆ."

"ಮಂಚ... ಇದ್ದೀತು. ಹೌದು, ಮಂಚ ನಮ್ಮದೇ."

"ಕಪಾಟು ಹಾಕಿದೆ."

ಮಾವ ಮಂಚದ ಮೇಲಿಂದ ಮುಂದಕ್ಕೆ ಬಾಗಿದರು. "ಕಪಾಟು?"

"ಕಪಾಟು. ದೊಡ್ಡದಿತ್ತು. ಅವತ್ತು ಹುಗ್ಗಿ ಮಾಡಿದ್ದೆ."

"ಕಪಾಟು ನಮಗ ಯಾವತ್ತೂ ಬಂದಿಲ್ಲ ತಂಗಿ. ಒಂದು ಸರ್ತಿ ನಾವು ಇಲ್ಲಿ ನಿಂತೇ ಇರಲಿಲ್ಲ. ಮ್ಯಾಲಿನವ್ರು ದೊಡ್ಡ ಪಾರ್ಟಿ ಕೂಡ ಹೊಂದಾಣಿಕಿ ಮಾಡ್ಕೊಂಡ್ರು. ಈ ಸೀಟು ಅವರಿಗೆ ಬಿಡೂದು, ಬ್ಯಾರೆ ಜಿಲ್ಲಾದಾಗ ಒಂದು ನಮಗ ಅಂತ. ನಾನೂ ಆ ಸರ್ತಿ ಮನ್ಯಾಗೇ ಕುಂತಿದ್ದೆ. ಅದೇ ವರ್ಷ ಇದ್ದೀತು."

"ನನಗ ಯಾಕ ಹೇಳಲಿಲ್ಲ?"

"ಸೀಟು ಹಂಚಿಕೊಂಡವ್ರು ನನ್ನೇ ಕೇಳಿಲ್ಲ. ನಿನಗ ಏನು ಹೇಳ್ಲಿ? ಹೇಳಾಕ ನಾಚಿಕಿ ಆತು."

ದೊಡ್ಡವ್ವ ಕೇಳಿದ ಪ್ರಶ್ನೆ ಅಣ್ಣನಿಗೋ ನನಗೋ ಗೊತ್ತಾಗಲಿಲ್ಲ. "ಹಂಗಾರ ಆ ಸರ್ತಿ ನಾ ಯಾರಿಗೆ ಹಾಕಿದೆ?"

ರಾಯಚೂರಿಗೆ ಬಂದ ಮೇಲೆ ನಾನು ಹುಡುಕಿದೆ. ಇಂಥ ವಿವರಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಮಾವನ ಪಕ್ಷ ನಿಲ್ಲದ ಆ ಚುನಾವಣೆಯಲ್ಲಿ ಕಪಾಟಿನ ಗುರುತಿನಲ್ಲಿ ನಿಂತವನು ಒಬ್ಬ ಪಕ್ಷೇತರ. ಅವನ ಹೆಸರು ಮಾನ್ವಿಯಲ್ಲಿ ನಾನು ಕೇಳಿದ ಯಾರಿಗೂ ಗೊತ್ತಿಲ್ಲ. ಅವನಿಗೆ ಅಲ್ಪಸ್ವಲ್ಪ ಓಟು ಬಿದ್ದಿದ್ದವು. ಹೆಸರು ಸಿಕ್ಕಿತು, ಆದರೆ ಅವನು ಯಾರ ಕಡೆಯವನು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಒಬ್ಬರ ಓಟು ಒಡೆಯಲು ಇನ್ನೊಬ್ಬರು ಇಂಥವರನ್ನು ನಿಲ್ಲಿಸುತ್ತಾರೆ ಎಂಬುದು ನಮ್ಮ ಕಡೆ ಹೊಸ ಮಾತಲ್ಲ. ಅವನು ಯಾರ ಪರವಾಗಿಯೂ ಅಲ್ಲದೆ, ತನ್ನ ಹುಕಿಗೆ ತಾನೇ ನಿಂತವನೂ ಇರಬಹುದು.

ಆ ದಿನಗಳಲ್ಲಿ ನನ್ನ ಅನುಮಾನ ದಿನಕ್ಕೊಂದು ಬಣ್ಣ ತಾಳುತ್ತಿತ್ತು. ಒಂದು ದಿನ, ತವರಿನವರು ಕಣದಲ್ಲೇ ಇಲ್ಲ ಎಂದು ಹೆಂಡತಿಗೆ ಹೇಳಲಾರದೆ ದೊಡ್ಡಪ್ಪ ಯಾವುದೋ ಒಂದು ಗುರುತು ತೋರಿಸಿರಬೇಕು, ಪಾಪ, ಎನ್ನಿಸುತ್ತಿತ್ತು. ಮರುದಿನ, ಅವನು ಯಾವುದೋ ಸಾಹುಕಾರನಿಗೆ ಮಾತು ಕೊಟ್ಟು, ಮನೆಯಲ್ಲಿ ಪ್ರಶ್ನೆ ಕೇಳದೆ ಒತ್ತುವ ಬೆರಳು ಯಾವುದು ಎಂದು ನೋಡಿ ಅದನ್ನೇ ಆರಿಸಿಕೊಂಡ ಎನ್ನಿಸುತ್ತಿತ್ತು. ಇನ್ನೊಂದು ದಿನ ಕಪಾಟನ್ನೇ ಅನುಮಾನಿಸಿದೆ. ಅದು ವಿಧಾನಸಭೆಯದಿರಬಹುದೇ? ಹುಗ್ಗಿ ಬೇರೆ ವರ್ಷದ್ದೇ? ದೊಡ್ಡವ್ವನಿಗೆ ಹೇಳಿದರೆ, "ಹುಗ್ಗಿ ಮಾಡಿದಾಕಿ ನಾನು, ನೀ ಉಂಡಾಕಿ" ಎಂದು ಬಾಯಿ ಮುಚ್ಚಿಸಿದಳು.

"ದೊಡ್ಡಪ್ಪನ್ನ ನೀವೇ ಕೇಳಬಾರದೇನು ದೊಡ್ಡವ್ವ?"

"ನಾ ಕೇಳಿದ್ರ ನಗ್ತಾರ. ಅವರು ನಕ್ರ ನನಗ ಇವತ್ತಿಗೂ ಗೊತ್ತಾಗೂದಿಲ್ಲ, ಹೌದಂತ ನಗ್ತಾರೋ ಅಲ್ಲಂತ ನಗ್ತಾರೋ. ನೀ ಕೇಳು. ಓದಿದಾಕಿ ಮುಂದ ನಗೂದಿಲ್ಲ." ಕನ್ನಡಕ ಏರಿಸಿಕೊಂಡು, "ಅವರು ಹೇಳೋತನ ನಾ ಇನ್ನ ಓಟಿಗೆ ಹೋಗೂದಿಲ್ಲ" ಎಂದಳು.

ಅವಳನ್ನು ಮಾನ್ವಿಗೆ ಬಿಡಲು ಹೋದ ದಿನ ಕರೆಂಟು ಹೋಗಿತ್ತು. ಗಿರಣಿ ನಿಂತಿತ್ತು. ದೊಡ್ಡ ಗಿರಣಿಗಳು ಬಂದ ಮೇಲೆ ನಮ್ಮದಕ್ಕೆ ಈಗ ಬುಟ್ಟಿಯವರೇ ಹೆಚ್ಚು. ಬೇವಿನ ನೆರಳಿನಲ್ಲಿ ಒಂದಿಬ್ಬರು ಹೆಂಗಸರು ಕರೆಂಟಿಗಾಗಿ ಕಾಯುತ್ತಿದ್ದರು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಒಂದು ಬೊಗಸೆ ಭತ್ತವನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುತ್ತಿದ್ದ.

"ಬಂದೇನು ತಂಗಿ? ಕಣ್ಣು ಹೆಂಗವ ಈಕಿದು?"

"ಚೆಂದ ಕಾಣ್ತದಂತ್ರಿ."

"ಹಂಗಾರ ಇನ್ನ ಮ್ಯಾಲ ನಮ್ಮ ತಪ್ಪೆಲ್ಲ ಕಾಣ್ತಾವ" ಎಂದು ನಕ್ಕ.

ದೊಡ್ಡವ್ವ ನಗಲಿಲ್ಲ. ಚೀಲ ಒಳಗಿಟ್ಟು ಬಂದು, ಮನೆಗೂ ಗಿರಣಿಗೂ ನಡುವಿನ ಬಾಗಿಲಲ್ಲಿ ನಿಂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ನಾನು ದೇವದುರ್ಗಕ್ಕೆ ಹೋಗಿದ್ದನ್ನು ಹೇಳಿದೆ. ದೊಡ್ಡಪ್ಪ ಮಾವನ ಆರೋಗ್ಯ ಕೇಳಿದ, ಹೇಳಿದೆ. ಸೋತವರ ಓಟು ಕೂಡುವುದಿಲ್ಲ ಎಂದು ದೊಡ್ಡವ್ವನಿಗೆ ಗೊತ್ತಾಗಿದೆ ಎಂದೆ. "ಹೌದೇನು?" ಎಂದ. ಅದೇ ಮಾತು, ಅದೇ ದನಿ. ಅಥವಾ ಆ ದಿನದ ಮಾತನ್ನೇ ನಾನು ಹಿಂದಿನ ನೆನಪಿಗೆ ಹಚ್ಚಿದ್ದೇನೋ ಏನೋ.

ಆಮೇಲೆ ಕೇಳಿದೆ. ದೊಡ್ಡಪ್ಪ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡ. ಕಡಿದ ಸದ್ದು ನನಗೆ ಕೇಳಿಸಿತು. ಬಾಗಿಲಲ್ಲಿ ಕನ್ನಡಕ ಒರೆಸುವ ಕೈ ನಿಂತಿತು. ಅವನು ನಗಲಿಲ್ಲ. ಅಷ್ಟರಲ್ಲಿ ಕರೆಂಟು ಬಂದು, ಮಷಿನ್ನಿನ ಪಟ್ಟಾ ತಿರುಗಿ, ನೆರಳಿನಲ್ಲಿದ್ದವರು ಬುಟ್ಟಿ ಎತ್ತಿಕೊಂಡು ಎದ್ದರು. ಅವನೂ ಎದ್ದು ಒಳಗೆ ಹೋದ. ಆಮೇಲೆ ನಾನು ಮಾನ್ವಿಗೆ ಹಲವು ಸಲ ಹೋಗಿದ್ದೇನೆ. ಹೋದಾಗಲೆಲ್ಲ ದೊಡ್ಡವ್ವ ನನ್ನ ಮುಖ ನೋಡುತ್ತಾಳೆ. ಅವನು ಇನ್ನೂ ಹೇಳಿಲ್ಲ ಎಂದು ನಾನು ತಲೆ ಅಲ್ಲಾಡಿಸುತ್ತೇನೆ. ಇದರಲ್ಲಿ ಬೇರೆ ಎಲ್ಲ ತಪ್ಪಿದ್ದರೂ ಆ ದಿನ ನಾನು ಕೇಳಿದ ಪ್ರಶ್ನೆ ಮಾತ್ರ ಅಕ್ಷರ ತಪ್ಪದೆ ನೆನಪಿದೆ:

"ದೊಡ್ಡಪ್ಪಾ, ಆ ಕಪಾಟು ಯಾರದಿತ್ರಿ?"